ಸೇತುವೆ ದಾಟಿ ಎಡಕ್ಕೆ

ಹಾಸನದಲ್ಲಿ ಫ್ರೆಂಚ್ ಕಲಿಸಿ ಹೊಟ್ಟೆ ಹೊರೆಯುವವರಿದ್ದಾರೆ ಎಂದರೆ ಯಾರೂ ನಂಬುವುದಿಲ್ಲ. ಅರಕಲಗೂಡಿನ ನಮ್ಮ ಮನೆಯವರಂತೂ ನಾನು ಕತೆ ಕಟ್ಟುತ್ತಿದ್ದೇನೆಂದೇ ತಿಳಿದಿದ್ದರು. ಆದರೆ ನಾನು ಅಕೌಂಟ್ಸ್ ಹೇಳಿಕೊಡುತ್ತಿದ್ದ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಆ ಪಾಠ ಕಡ್ಡಾಯ. ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಆಲೂಗೆಡ್ಡೆಯನ್ನು ಉದ್ದಕ್ಕೆ ಹೆಚ್ಚಿದರೆ ಒಂದು ಹೆಸರು, ಚೌಕಕ್ಕೆ ಹೆಚ್ಚಿದರೆ ಇನ್ನೊಂದು ಹೆಸರು, ಎಲ್ಲ ಆ ಭಾಷೆಯಲ್ಲೇ. ಹಾಗಾಗಿ ಶಾಂತಿಗ್ರಾಮ, ಹಿರೀಸಾವೆ ಕಡೆಯಿಂದ ಬಸ್ಸಿಗೆ ನೇತಾಡಿಕೊಂಡು ಬರುವ ಹುಡುಗರು ದಿನದ ಕೊನೆಯ ಪೀರಿಯಡ್ಡಿನಲ್ಲಿ ‘ಬೊಂಜೂರ್ ಮದಾಂ’ ಎಂದು ಸೂರು ಹಾರಿಹೋಗುವಂತೆ ಕೂಗುತ್ತಿದ್ದರು. ಹಾಗೆ ಕೂಗಿಸಿಕೊಳ್ಳುತ್ತಿದ್ದವರು ನಮ್ಮ ಫ್ರೆಂಚ್ ಮೇಡಂ. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ಸಣ್ಣ ಆಳು. ಹತ್ತಿಯ ಸೀರೆ, ಅದಕ್ಕೆ ಹೊಂದದ ಬಣ್ಣದ ಸ್ವೆಟರು, ಕಾಲಿಗೆ ಕಪ್ಪು ಪಟ್ಟಿಯ ಚಪ್ಪಲಿ. ಮಾತಾಡುವಾಗ ಎದುರಿಗಿದ್ದವರನ್ನು ನೋಡದೆ ಅವರ ಹೆಗಲಾಚೆ ಏನೋ ಇದೆ ಎನ್ನುವಂತೆ ನೋಡುತ್ತಿದ್ದರು. ಮೊದಮೊದಲು ನಾನೂ ತಿರುಗಿ ನೋಡಿ ಮೋಸ ಹೋಗಿದ್ದೇನೆ, ಅಲ್ಲಿ ಗೋಡೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಅವರ ಪಾಠದಲ್ಲಿ ಪ್ಯಾರಿಸ್ ಬರುತ್ತಲೇ ಇರಲಿಲ್ಲ. ಕಾರಣ ಕೇಳಿದ್ದಕ್ಕೆ ಹೇಳಿದ್ದರು: “ಪ್ಯಾರಿಸ್ ಅಂದ್ರೆ ನಮ್ಮ ಬೇಲೂರು ಹಳೇಬೀಡು ಇದ್ದ ಹಾಗೆ. ಎಲ್ಲರೂ ಹೋಗ್ತಾರೆ, ಫೋಟೋ ತೆಗೆಸ್ಕೊಂಡು ಬರ್ತಾರೆ. ಕೊರವಂಗಲಕ್ಕೆ ಯಾರು ಹೋಗ್ತಾರೆ ಹೇಳಿ. ನನಗೆ ಬೇಕಾಗಿರೋದು ಅಲ್ಲಿನ ಕೊರವಂಗಲಗಳು.” ಅಂಥ ಊರುಗಳನ್ನು ಅವರು ಎಲ್ಲೆಲ್ಲಿಂದಲೋ ಹುಡುಕಿಕೊಂಡು ಬರುತ್ತಿದ್ದರು. ಓವೆರ್ನ್ ಎಂಬ ಸೀಮೆ, ಅಲ್ಲಿ ಆರಿದ ಜ್ವಾಲಾಮುಖಿಯ ಗುಡ್ಡಗಳು, ಗುಡ್ಡದ ಮೇಲೆ ಬೇಸಿಗೆಯಲ್ಲಿ ದನ ಬಿಡುತ್ತಾರೆ, ಗುಡ್ಡದ ಬುಡದಲ್ಲಿ ಕಪ್ಪು ಕಲ್ಲಿನ ಮನೆಗಳು, ಮಧ್ಯಾಹ್ನ ಊಟದ ಹೊತ್ತಿಗೆ ಇಡೀ ಊರೇ ಬಾಗಿಲು ಹಾಕಿಕೊಳ್ಳುತ್ತದೆ. ಇದನ್ನೆಲ್ಲ ನಿನ್ನೆ ತಾನೇ ನೋಡಿ ಬಂದವರಂತೆ ಹೇಳುತ್ತಿದ್ದರು. ಆದರೆ ಕೊರವಂಗಲವನ್ನೇ ಅವರು ಸರಿಯಾಗಿ ನೋಡಿರಲಿಲ್ಲ. ಹಾಸನದಿಂದ ಕೂಗಳತೆಯ ಆ ಊರಿಗೆ ಅವರ ಯಜಮಾನರು ಒಮ್ಮೆ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿದ್ದರಂತೆ. ದೇವಸ್ಥಾನದ ಗೋಡೆಯ ಒಂದು ಮಗ್ಗುಲು ನೋಡುವಷ್ಟರಲ್ಲಿ ಸ್ಕೂಟರಿನ ಹಾರ್ನ್ ಕೇಳಿಸಿತಂತೆ.

ಆ ತರಗತಿಯನ್ನು ಕಿಟಕಿಯಿಂದ ನೋಡುವುದೇ ಒಂದು ಚೆಂದ. ಬೆಂಚುಗಳನ್ನೆಲ್ಲ ಎಳೆದು ಹಳ್ಳಿ ಮಾಡಿಸುತ್ತಿದ್ದರು. ಈ ಬೆಂಚು ಬೇಕರಿ, ಅದು ಅಂಚೆ ಕಚೇರಿ, ನಡುವಿನ ಸಂದು ಹೊಳೆ, ಅದರ ಮೇಲೆ ಅಡ್ಡ ಹಾಕಿದ ಮೇಷ್ಟ್ರ ಮೇಜು ಸೇತುವೆ. ಹುಡುಗರು ಊರಿನವರು. ಮೇಡಂ ಮಾತ್ರ ಯಾವಾಗಲೂ ಹೊರಗಿನಿಂದ ಬಂದ ಪ್ರವಾಸಿ. ವ್ಯಾನಿಟಿ ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತು “ಜ ಸ್ವಿ ಪೆರ್ದ್ಯು” ಎನ್ನುತ್ತಿದ್ದರು. ನಾನು ದಾರಿ ತಪ್ಪಿದ್ದೇನೆ ಎಂದು ಅದರರ್ಥ. ಹುಡುಗರು ಒಬ್ಬೊಬ್ಬರಾಗಿ ದಾರಿ ಹೇಳಬೇಕು. ಅವರಿಗೆ ನೆಟ್ಟಗೆ ಬರುತ್ತಿದ್ದುದು ಒಂದೇ ವಾಕ್ಯ: ಸೇತುವೆ ದಾಟಿ ಎಡಕ್ಕೆ. ಬೇಕರಿ ಕೇಳಿದರೂ ಅದೇ, ಸ್ಟೇಷನ್ ಕೇಳಿದರೂ ಅದೇ. ಮೇಡಂ ಬೈಯುತ್ತಿರಲಿಲ್ಲ, ಗಂಭೀರವಾಗಿ ವಂದಿಸಿ ಸೇತುವೆಯತ್ತ ಹೊರಡುತ್ತಿದ್ದರು. ಅಷ್ಟು ಹೊತ್ತಿಗೆ ಬೆಲ್ಲು ಹೊಡೆಯುತ್ತಿತ್ತು.

ಬೆಲ್ಲಿಗೆ ಮುಂಚೆಯೇ ಯಜಮಾನರ ಸ್ಕೂಟರು ಬಂದು ಆ ತರಗತಿಯ ಕಿಟಕಿಯ ಕೆಳಗೇ ನಿಂತಿರುತ್ತಿತ್ತು.

ಅವರ ಬಗ್ಗೆ ಕೆಟ್ಟ ಮಾತಾಡಿದರೆ ನನ್ನ ನಾಲಗೆ ಸೇದಿಹೋದೀತು. ಹಾಸನದ ಪೇಟೆಯಲ್ಲಿ ಬೀಗ, ಚಿಲಕ, ಮೊಳೆ ಮಾರುವ ಹಾರ್ಡ್‌ವೇರ್ ಅಂಗಡಿ ಅವರದು. ಕುಡಿತವಿಲ್ಲ, ಇಸ್ಪೀಟಿಲ್ಲ, ಒಂದು ಗದರು ಮಾತಿಲ್ಲ. ಹಣೆಯಲ್ಲಿ ವಿಭೂತಿ, ಮುಖದಲ್ಲಿ ನಗು. ಬೆಳಿಗ್ಗೆ ಹೆಂಡತಿಯನ್ನು ಗೇಟಿನ ತನಕ ಬಿಟ್ಟು, ಸಂಜೆ ಅಂಗಡಿಯನ್ನು ಆಳಿನ ಕೈಗೊಪ್ಪಿಸಿ ಬಂದು ಕರೆದೊಯ್ಯುತ್ತಿದ್ದರು. ಮಳೆಗಾಲದಲ್ಲಿ ರೇನ್‌ಕೋಟು, ಚಳಿಗಾಲದಲ್ಲಿ ಫ್ಲಾಸ್ಕಿನಲ್ಲಿ ಶುಂಠಿ ಕಾಫಿ. ನಾವು ಹೆಂಗಸರು ಸ್ಟಾಫ್ ರೂಮಿನಲ್ಲಿ ‘ಪುಣ್ಯ ಮಾಡಿದ್ದೀರಿ ಮೇಡಂ’ ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದೆವು. ಅವರು ಹೌದು ಎನ್ನುತ್ತಿದ್ದರು. ಆ ಹೌದಿನಲ್ಲಿ ಜೀವ ಇರಲಿಲ್ಲ ಎಂದು ನನಗೆ ತಿಳಿಯಲು ವರ್ಷಗಳೇ ಬೇಕಾದವು.

ಹೊಳೆನರಸೀಪುರದಲ್ಲಿ ಅವರ ತಂಗಿ ಇದ್ದರು, ತವರೂ ಅದೇ. ಮದುವೆಗೆ ಮುಂಚೆ ಅಲ್ಲಿಂದ ಒಬ್ಬರೇ ರೈಲು ಹತ್ತಿ ಮೈಸೂರಿಗೆ ಹೋಗಿ ಈ ಭಾಷೆ ಕಲಿತು ಬಂದ ಹುಡುಗಿ ಅವರು. ಮದುವೆಯಾದ ಮೇಲೆ ತಂಗಿಯ ಮನೆಗೂ ಒಬ್ಬರೇ ಹೋದದ್ದಿಲ್ಲ. ‘ಒಬ್ಳೇ ಯಾಕೆ ಓಗ್ಬೇಕು, ನಾನಿಲ್ವಾ’ ಎನ್ನುವುದು ಯಜಮಾನರ ಮಾತು. ಅದಕ್ಕೆ ಎದುರು ಹೇಳುವುದಾದರೂ ಏನು? ಬೇಡ ಎನ್ನುವವನ ಹತ್ತಿರ ಜಗಳ ಆಡಬಹುದು. ನಾನೂ ಬರುತ್ತೇನೆ ಎನ್ನುವವನ ಹತ್ತಿರ ಏನೆಂದು ಜಗಳ ಆಡುವುದು? ತರಕಾರಿ ಸಂತೆ, ದರ್ಜಿ ಅಂಗಡಿ, ಕಣ್ಣಿನ ಡಾಕ್ಟರು, ಎಲ್ಲ ಕಡೆಯೂ ಯಜಮಾನರು ಒಂದು ಹೆಜ್ಜೆ ಮುಂದೆ ಇರುತ್ತಿದ್ದರು.

ನಾನು ಮದುವೆ ಆಗದೆ ಉಳಿದವಳು, ಆ ಕತೆ ಇಲ್ಲಿ ಬೇಡ. ದಿನಾ ಅರಕಲಗೂಡಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಒಂದು ದಿನ ಮೇಡಂ, “ನೀವು ಕಿಟಕಿ ಪಕ್ಕ ಕೂತ್ಕೊಂಡು ದಾರಿಯುದ್ದಕ್ಕೂ ಏನ್ ಯೋಚ್ನೆ ಮಾಡ್ತೀರಿ?” ಎಂದು ಕೇಳಿದರು. ಸೀಟು ಸಿಕ್ಕರೆ ತಾನೇ ಯೋಚನೆ ಎಂದು ನಕ್ಕೆ. ಅವರು ನಗಲಿಲ್ಲ. ನಿಂತುಕೊಂಡಾದರೂ ಸರಿ, ಏನು ಅನ್ನಿಸುತ್ತದೆ ಹೇಳಿ ಎಂದು ಪಟ್ಟು ಹಿಡಿದರು. ಬಸ್ಸಿನ ನೂಕುನುಗ್ಗಲಿನ ಮೇಲೂ ಯಾರಾದರೂ ಆಸೆ ಪಡುತ್ತಾರೆ ಎಂದು ನನಗೆ ಅಂದು ಗೊತ್ತಾಯಿತು.

ಕೊನೆಗೂ ಫ್ರಾನ್ಸ್ ಬಂತು. ಅದನ್ನು ತಂದುಕೊಟ್ಟವರೂ ಯಜಮಾನರೇ. ಚನ್ನರಾಯಪಟ್ಟಣದಲ್ಲೊಬ್ಬರು ಅಡುಗೆಯವರ ಸಮೇತ ಜನ ಕಟ್ಟಿಕೊಂಡು ಯುರೋಪಿಗೆ ಹೋಗಿ ಬರುತ್ತಿದ್ದರು. ಕಾಶಿಗೆ ಕರೆದೊಯ್ಯುತ್ತಿದ್ದವರು, ವ್ಯಾಪಾರ ಕುದುರಿ ಅಲ್ಲಿಗೂ ಹೊರಟಿದ್ದರು. ಯಜಮಾನರು ಹೆಂಡತಿಗೆ ಹೇಳದೆ ಎರಡು ಸೀಟು ಹಿಡಿದು ‘ತಗೋ, ನಿನ್ನ ಫ್ರಾನ್ಸು’ ಎಂದರಂತೆ. ನಾನೂ ಕೂಡಿಟ್ಟ ದುಡ್ಡು ಖರ್ಚು ಮಾಡಿಬಿಡೋಣ ಎಂದು ಹೊರಟೆ.

ಆ ಪ್ರವಾಸದಲ್ಲಿ ನಾನು ಹೆಚ್ಚಾಗಿ ನೋಡಿದ್ದು ಎದುರು ಸೀಟಿನ ಬೆನ್ನು. ಬೆಳಗಾದರೆ ಬಸ್ಸು, ಮಧ್ಯಾಹ್ನ ಬಸ್ಸು, ಬಸ್ಸಿನೊಳಗೆ ಪುಳಿಯೋಗರೆ ಗೊಜ್ಜಿನ ವಾಸನೆ, ಟೀವಿಯಲ್ಲಿ ಹಳೆಯ ಸಿನಿಮಾ. ಟೂರಿನವರು ಕೇಸರಿ ಟವೆಲ್ಲನ್ನು ಛತ್ರಿಗೆ ಕಟ್ಟಿ ಎತ್ತಿ ಹಿಡಿದರೆ ನಾವೆಲ್ಲ ಅದರ ಹಿಂದೆ. ಪ್ಯಾರಿಸ್ಸಿನ ಗೋಪುರದ ಕೆಳಗೆ ಯಜಮಾನರು ಮೇಡಂ ಕಳೆದುಹೋದಾರೆಂದು ಅವರ ಬ್ಯಾಗಿನ ಪಟ್ಟಿ ಹಿಡಿದುಕೊಂಡೇ ನಿಂತಿದ್ದರು. ಮೇಡಂ ಒಬ್ಬ ಫ್ರೆಂಚನ ಹತ್ತಿರವೂ ಬಾಯಿ ತೆರೆಯಲಿಲ್ಲ. ತೆರೆಯುವ ಮುಂಚೆ ಟವೆಲ್ಲು ಮುಂದಕ್ಕೆ ಹೋಗಿರುತ್ತಿತ್ತು. ಕಿಟಕಿಯಾಚೆ ಅವರ ಪಾಠದ ಊರುಗಳು ಒಂದರ ಹಿಂದೊಂದು ಬಂದು ಹೋಗುತ್ತಿದ್ದವು. ಅವರು ಬೋರ್ಡುಗಳನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದರು.

ಪ್ಯಾರಿಸ್ಸಿನಿಂದ ದಕ್ಷಿಣಕ್ಕೆ ಹೋಗುವ ದಿನ ಹೆದ್ದಾರಿ ಬಂದ್ ಆಗಿತ್ತು. ಬಸ್ಸು ಒಳದಾರಿ ಹಿಡಿದು ಸುತ್ತಿ ಬಳಸಿ, ಅದೇ ಓವೆರ್ನ್ ಸೀಮೆಯ ಒಂದು ಸಣ್ಣ ಊರಿನ ಹೊರಗೆ ನಿಂತುಬಿಟ್ಟಿತು. ಆ ಊರಿನ ಹೆಸರನ್ನು ಮೇಡಂ ಹೇಳಿದರೆ ಚೆನ್ನ, ನನ್ನ ಬಾಯಲ್ಲಿ ಬಂದರೆ ಊರಿಗೇ ಅವಮಾನ. ಡ್ರೈವರನ ಗಾಡಿ ಓಡಿಸುವ ಗಂಟೆ ಮುಗಿದಿತ್ತಂತೆ, ಇನ್ನು ಮುಟ್ಟುವಂತಿಲ್ಲವಂತೆ, ಬೇರೆ ಡ್ರೈವರು ಬರಬೇಕಂತೆ. ಹಿರೀಸಾವೆಯ ಹೋಟೆಲಿನ ಮುಂದೆ ಹತ್ತು ನಿಮಿಷ ನಿಂತು ದಡದಡ ಹೊರಡುವ ಬಸ್ಸುಗಳನ್ನು ಕಂಡ ನಮ್ಮವರಿಗೆ ಇದು ಅರ್ಥವೇ ಆಗಲಿಲ್ಲ. ಅಡುಗೆಯವರು ‘ಒಂದ್ ಕಾಫಿ ಕುಡ್ಸಿ, ಓಡುಸ್ತಾನೆ’ ಎಂದು ಸಲಹೆ ಕೊಟ್ಟರು. ಡ್ರೈವರು ಕಾಫಿ ಕುಡಿದು ಮಲಗಿಕೊಂಡ.

ಮೇಡಂ ಎದ್ದು ನಿಂತು, ಊರು ನೋಡಿ ಬರುತ್ತೇನೆ ಎಂದರು. ಯಜಮಾನರ ಮಂಡಿ ಪ್ಯಾರಿಸ್ಸಿನಲ್ಲಿ ನಡೆದು ನಡೆದು ಕುಂಬಳಕಾಯಿಯಾಗಿತ್ತು. ಆದರೂ ಏಳಲು ನೋಡಿದರು, ಆಗಲಿಲ್ಲ. ಕೊನೆಗೆ ನನ್ನತ್ತ ತಿರುಗಿ, “ಮೇಡಮ್ಮೋರೇ, ನೀವಾದ್ರೂ ಜತೇಲಿ ಓಗಿ. ಇವಳು ಒಬ್ಳೇ ಆಗ್ಬುಡ್ತಾಳೆ” ಎಂದರು. ಮೇಡಂ ಮುಖ ಬಾಡಿದ್ದು ನನಗೆ ಕಂಡಿತು. ಕಂಡರೂ ಹೋದೆ, ನನಗೂ ಕಾಲು ಚಾಚಬೇಕಿತ್ತು.

ಕಪ್ಪು ಕಲ್ಲಿನ ಮನೆಗಳು, ಮುಚ್ಚಿದ ನೀಲಿ ಕಿಟಕಿಗಳು, ಎಲ್ಲಿಂದಲೋ ಕೊಟ್ಟಿಗೆಯ ವಾಸನೆ. ರಸ್ತೆಯಲ್ಲಿ ಒಬ್ಬ ಮುದುಕ ನಾಯಿ ಹಿಡಿದುಕೊಂಡು ಬರುತ್ತಿದ್ದ. ಇಗರ್ಜಿಯ ಗೋಪುರ ಎದುರಿಗೇ ಕಾಣುತ್ತಿದ್ದರೂ ಮೇಡಂ ಅವನನ್ನು ನಿಲ್ಲಿಸಿ ಇಗರ್ಜಿಗೆ ದಾರಿ ಕೇಳಿದರು. ಅವನು ಅವರ ಸೀರೆಯನ್ನೊಮ್ಮೆ ಗೋಪುರವನ್ನೊಮ್ಮೆ ನೋಡಿ, ಸಾವಧಾನವಾಗಿ ಏನೇನೋ ಹೇಳಿದ. ಮೇಡಂ ಮರುಮಾತಾಡಿದರು, ಅವನು ನಕ್ಕ, ಟೋಪಿ ಮುಟ್ಟಿಕೊಂಡು ಹೋದ. ಮೇಡಂ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡರು. “ಅರ್ಥ ಆಯ್ತು ರೀ. ಅವನಿಗೂ ಆಯ್ತು, ನನಗೂ ಆಯ್ತು” ಎಂದರು. ಕಣ್ಣು ತುಂಬಿತ್ತು. ಅಷ್ಟು ವರ್ಷ ಪಾಠ ಹೇಳಿದ ಮಾತು ನಿಜವಾದ ಮಾತೋ ಅಲ್ಲವೋ ಎಂದು ಆ ಹೆಂಗಸು ಅನುಮಾನದಲ್ಲೇ ಬದುಕಿದ್ದರೆಂದು ನನಗೆ ಅಯ್ಯೋ ಎನ್ನಿಸಿತು.

ಇಗರ್ಜಿ ಹಳೆಯದು. ಹೊರಗೋಡೆಯ ಮೇಲೆ ಮೃಗಗಳು, ಹಲ್ಲು ಕಿರಿದ ಮುಖಗಳು. ನಮ್ಮ ಕಾಲು ತಾನಾಗಿ ಗೋಡೆಯನ್ನು ಬಲಕ್ಕಿಟ್ಟುಕೊಂಡು ಒಂದು ಪ್ರದಕ್ಷಿಣೆ ಹಾಕಿತು. ಸುತ್ತಿ ಬಂದ ಮೇಲೆ ನಾನು ಅಂಗಳದ ಕಲ್ಲುಕಟ್ಟೆಯ ಮೇಲೆ ಕುಸಿದೆ. ಮೇಡಂ ಪಕ್ಕದ ಸಣ್ಣ ಬಾಗಿಲ ಹತ್ತಿರ ಚಪ್ಪಲಿ ಬಿಟ್ಟರು. ಅಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ, ಪ್ಯಾರಿಸ್ಸಿನಲ್ಲೇ ನೋಡಿದ್ದೆವು. ಆದರೂ ದೇವರ ಮನೆಗೆ ಚಪ್ಪಲಿ ಮೆಟ್ಟಿಕೊಂಡು ಹೋಗಲು ಹಾಸನದ ಕಾಲು ಒಪ್ಪುತ್ತದೆಯೇ? ಆ ಬಾಗಿಲು ಹೊರಗಿನಿಂದ ತೆರೆಯಲಿಲ್ಲ. ಬರಿಗಾಲಲ್ಲೇ ಮುಂದಿನ ದೊಡ್ಡ ಬಾಗಿಲಿಗೆ ಸುತ್ತಿಕೊಂಡು ಹೋಗಿ ಒಳಗೆ ಸೇರಿದರು.

ಸ್ವಲ್ಪ ಹೊತ್ತಿಗೆ ಗಂಟೆ ಬಡಿಯಿತು. ಕೀಲಿಗೊಂಚಲು ಹಿಡಿದ ಹೆಂಗಸೊಬ್ಬಳು ದೊಡ್ಡ ಬಾಗಿಲಿಗೆ ಬೀಗ ಹಾಕಿ, ಸೈಕಲ್ ಹತ್ತಿ ಊಟಕ್ಕೆ ಹೊರಟಳು. ನಾನು ಕೈ ಬೀಸಿದೆ, ಅವಳೂ ಬೀಸಿದಳು. ಹೊರಗೆ ಚಪ್ಪಲಿ ಇದ್ದರೆ ಒಳಗೆ ಜನ ಇದ್ದಾರೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅವಳಿಗೆ ಹೇಗೆ ಗೊತ್ತಾಗಬೇಕು?

ನಾನು ಓಡಿಹೋಗಿ ಪಕ್ಕದ ಬಾಗಿಲು ಬಡಿದೆ. ಒಳಗಿನಿಂದ ಮೇಡಂ ಓಗೊಟ್ಟರು. ಹೆದರಬೇಡಿ, ಯಾರನ್ನಾದರೂ ಕರೆದು ಬೀಗ ತೆಗೆಸುತ್ತೇನೆ ಎಂದು ನಾನು ಗಾಬರಿಯಲ್ಲಿ ಕೂಗಿದೆ.

“ತೆಗೆಸ್ಬೇಡಿ,” ಎಂದರು.

ಕೇಳಿಸಲಿಲ್ಲವೇನೋ ಎಂದು ಕಿವಿಯನ್ನು ಹಲಗೆಗೆ ಒತ್ತಿ ನಿಂತೆ. ಬಾಗಿಲಿಗೆ ತುಟಿ ತಾಗಿಸಿಕೊಂಡೇ ಹೇಳಿರಬೇಕು, ಅಷ್ಟು ಹತ್ತಿರದಿಂದ ಬಂತು ಮಾತು: “ನೀವು ಹೋಗಿ ಊಟ ಮಾಡಿ. ಅವರಿಗೆ ಏನೂ ಹೇಳ್ಬೇಡಿ. ಇಲ್ಲಿ ಯಾರೂ ಇಲ್ಲ ಕಣ್ರೀ, ಯಾರೂ ಇಲ್ಲ.”

ನಾನು ಹೋಗಲಿಲ್ಲ, ಕರೆಯಲೂ ಇಲ್ಲ. ಚಪ್ಪಲಿ ಕಾಯುತ್ತಾ ಕೂತೆ. ಒಳಗೆ ನೆಲಕ್ಕೆ ಹೊಳೆಯ ಗುಂಡುಕಲ್ಲು ಹಾಸಿದ್ದರಂತೆ. ಬರಿಗಾಲಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿದೆ ಎಂದು ಆಮೇಲೆ ಹೇಳಿದರು. ನನಗೆ ಹೊರಗೆ ಕೇಳಿಸಿದ್ದು ಒಂದು ಹಾಡಿನ ಗುನುಗು. ಕಾಲೇಜಿನಲ್ಲಿ ಅವರು ಹಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಹೊಸ ಡ್ರೈವರು ಬಂದ. ನಾವಿಬ್ಬರು ಇಲ್ಲ. ಯಜಮಾನರು ಊದಿದ ಮಂಡಿ ಎಳೆದುಕೊಂಡು, ಟೂರಿನವರ ಹೆಗಲು ಹಿಡಿದು, ಬೀದಿಯುದ್ದಕ್ಕೂ ಹೆಂಡತಿಯ ಹೆಸರು ಕೂಗುತ್ತಾ ಬಂದರು. ಚಪ್ಪಲಿ ನೋಡಿದವರೇ ಬಾಗಿಲು ಬಡಿಯತೊಡಗಿದರು. ಒಳಗಿನ ಹಾಡು ನಿಂತಿತು. ಟೂರಿನವರು ಕೈಸನ್ನೆ ಬಾಯಿಸನ್ನೆಯಲ್ಲಿ ಆ ಕೀಲಿಯ ಹೆಂಗಸನ್ನು ಹುಡುಕಿ ತಂದರು. ಅವಳು ಅರ್ಧ ಊಟದಲ್ಲಿ ಎದ್ದು ಬಂದು, ತಪ್ಪಾಯಿತೆಂದು ಹತ್ತು ಸಲ ಹೇಳುತ್ತಾ ದೊಡ್ಡ ಬಾಗಿಲು ತೆಗೆದಳು. ಯಜಮಾನರು ಒಳಗೆ ಹೋದರು. ಚಪ್ಪಲಿ ಇದ್ದದ್ದು ಪಕ್ಕದ ಬಾಗಿಲ ಹತ್ತಿರವಲ್ಲವೇ, ಹೆಂಡತಿಯನ್ನು ಒಳಗಿನಿಂದ ಅತ್ತಲೇ ಕರೆತಂದರು. ಆ ಬಾಗಿಲಿಗೆ ಒಳಗಡೆ ಸೊಂಟದೆತ್ತರಕ್ಕೆ ಒಂದು ಅಡ್ಡ ಸಲಾಕೆ ಇತ್ತು, ಅದರ ಮೇಲೆ ಕೆಂಪು ಅಕ್ಷರ. ಯಜಮಾನರ ಕೈ ಅದಕ್ಕೆ ತಾಗಿತು ಅಷ್ಟೆ, ಬಾಗಿಲು ತೆರೆದುಕೊಂಡಿತು.

ನಾನು ಎದುರಿಗೇ ನಿಂತಿದ್ದೆ. ಯಜಮಾನರು ಆ ಸಲಾಕೆಯನ್ನು ಇನ್ನೊಮ್ಮೆ ಒತ್ತಿ ನೋಡಿದರು. ಮೇಡಂ ಬಗ್ಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು, ತಲೆ ಎತ್ತಲಿಲ್ಲ. ಕೆಂಪು ಅಕ್ಷರದಲ್ಲಿ ಏನು ಬರೆದಿದೆ ಎಂದು ಟೂರಿನವರು ಕೇಳಿದರು. ‘ಒತ್ತಿ’ ಎಂದು ಬರೆದಿದೆ ಎಂದು ಮೇಡಂ ಮೆಲ್ಲಗೆ ಹೇಳಿದರು. ಟೂರಿನವರು ಸಲಾಕೆಯನ್ನೊಮ್ಮೆ ಮೇಡಂ ಮುಖವನ್ನೊಮ್ಮೆ ನೋಡಿದರು. ಆಮೇಲೆ ಯಜಮಾನರು ಜೋರಾಗಿ ನಕ್ಕುಬಿಟ್ಟರು. “ಇಷ್ಟ್ ವರ್ಷ ಫ್ರೆಂಚ್ ಪಾಠ ಯೋಳಿ, ಒತ್ತು ಅಂತ ಬರ್ದಿರೋದು ಓದಕ್ಕಾಗ್ನಿಲ್ವಲ್ಲೇ ನಿನ್ ಕೈಲಿ” ಎಂದರು. “ಗಾಬರೀಲಿ ಕಾಣ್ಲಿಲ್ಲ” ಎಂದರು ಮೇಡಂ.

ಬಸ್ಸಿನಲ್ಲಿ ನಾನು ಅವರ ಹಿಂದಿನ ಸೀಟಿನಲ್ಲಿದ್ದೆ. ಯಜಮಾನರು ನಿದ್ದೆ ಹೋದ ಮೇಲೆ ಮುಂದೆ ಬಗ್ಗಿ, ಒಳಗೆ ಏನು ಮಾಡಿದಿರಿ ಎಂದು ಕೇಳಿದೆ. ಓಡಾಡಿದ್ದನ್ನು ಹೇಳಿ, “ಯಾವ ಕಡೆ ಹೋಗ್ಬೇಕು ಅಂತ ಯಾರೂ ಹೇಳ್ಲಿಲ್ಲ” ಎಂದರು. ಯಜಮಾನರ ಕೈ ಆಗಲೂ ಅವರ ಬ್ಯಾಗಿನ ಪಟ್ಟಿಯ ಮೇಲೇ ಇತ್ತು.

ಆ ತಮಾಷೆ ಹಾಸನಕ್ಕೆ ಬಂತು. ಅಂಗಡಿಯಲ್ಲಿ, ಮದುವೆ ಮನೆಗಳಲ್ಲಿ, ಕಾಲೇಜಿನ ಗೇಟಿನಲ್ಲಿ ಯಜಮಾನರು ಅದನ್ನು ಹೇಳಿದ್ದೇ ಹೇಳಿದ್ದು. ಹುಡುಗರು ತರಗತಿಯ ಬಾಗಿಲಿಗೆ ‘ಒತ್ತಿ’ ಎಂದು ಚೀಟಿ ಅಂಟಿಸಿದರು. ಮೇಡಂ ಎಲ್ಲದಕ್ಕೂ ನಕ್ಕರು. ಭಾಷೆ ಬರುವುದಿಲ್ಲ ಎನ್ನಿಸಿಕೊಳ್ಳುವುದು ಅವರಂಥವರಿಗೆ ಸಣ್ಣ ಮಾತಲ್ಲ, ಆದರೆ ಬರುತ್ತದೆ ಎಂದು ಸಾಧಿಸಿದರೆ ಇನ್ನೊಂದು ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತಿತ್ತು. ನನಗೆ ಯಜಮಾನರ ಮೇಲೆ ಸಿಟ್ಟು ಬರುತ್ತಿತ್ತು.

ಆಮೇಲೆ ಬದಲಾದದ್ದು ಒಂದೇ. ಸಂಜೆ ಸ್ಕೂಟರು ಬೆಲ್ಲಿಗೆ ಮುಂಚೆ ಬರುವುದು ನಿಂತು, ಬೆಲ್ಲು ಹೊಡೆದ ಸ್ವಲ್ಪ ಹೊತ್ತಿಗೆ ಬರತೊಡಗಿತು. ಮಂಡಿ ನೋವು ಎಂದುಕೊಂಡೆವು. ಆ ಹೊತ್ತಿನಲ್ಲಿ ಮೇಡಂ ಗೇಟು ದಾಟಿ ಕಡಲೆಕಾಯಿ ಗಾಡಿಯವರೆಗೆ ನಡೆದು, ಒಂದು ಪೊಟ್ಟಣ ಕೊಂಡು, ಬಿಡಿಸಿಕೊಂಡು ತಿನ್ನುತ್ತಾ ನಿಧಾನಕ್ಕೆ ವಾಪಸು ಬರುತ್ತಿದ್ದರು. ನಾನು ಬಸ್‌ಸ್ಟ್ಯಾಂಡಿಗೆ ಹೊರಟವಳು ಎಷ್ಟೋ ಸಲ ನೋಡಿದ್ದೇನೆ. ಜತೆಗೆ ಹೋಗುತ್ತಿರಲಿಲ್ಲ. ನಿವೃತ್ತಿಯ ತನಕ ಅವರು ಒಬ್ಬರೇ ನಡೆದ ದೂರ ಅಷ್ಟೇ. ನಿವೃತ್ತಿಯಾದ ಮೇಲೆ ಆ ದೂರವೂ ಹೋಯಿತು. ಆಮೇಲೆ ಕಾಯಿಲೆ. ಆಸ್ಪತ್ರೆಯಲ್ಲೂ ಯಜಮಾನರು ಮಂಚ ಬಿಟ್ಟು ಕದಲಲಿಲ್ಲ.

ಮೇಡಂ ಹೋದ ಮೇಲೆ ಶಿವಗಣಾರಾಧನೆಯ ದಿನ ಮನೆ ತುಂಬ ಜನ. ಯಜಮಾನರು ಬಂದವರಿಗೆಲ್ಲ ಅದೇ ಇಗರ್ಜಿಯ ಕತೆ ಹೇಳುತ್ತಾ, ನಗುತ್ತಾ, ನಡುನಡುವೆ ಅಳುತ್ತಾ ಇದ್ದರು. ನಾನು ಊಟ ಮುಗಿಸಿ ಹೊರಟಾಗ ಗೇಟಿನ ತನಕ ಬಂದರು.

“ಬಾಗ್ಲಿಂದಾಚೆ ಇದ್ದೋರು ನೀವು,” ಎಂದರು. “ಅವಳು ಒಳಗಿಂದ ಏನಂದ್ಲು, ನಿಜ ಯೋಳಿ.”

ಸುಳ್ಳು ಹೇಳಬಹುದಿತ್ತು. ಆ ಮುಖ ನೋಡಿ ಆಗಲಿಲ್ಲ. ತೆಗೆಸಬೇಡಿ ಎಂದರು ಎಂದೆ.

ಅವರು ತಲೆಯಾಡಿಸಿದರು. “ಗೊತ್ತಿತ್ತು ಬುಡಿ. ಅಂಥ ಸಲಾಕೆ ಕಲ್ಯಾಣ ಮಂಟಪದೋರಿಗೆ ನಾನೇ ಆಕ್ಸಿಕೊಟ್ಟಿದೀನಿ. ಕಂಡ ತಕ್ಷಣ ಗೊತ್ತಾಯ್ತು. ಬ್ಯಾರೆಯೋರು ಕೇಳೋಕ್ ಮುಂಚೆ ನಾನೇ ತಮಾಷೆ ಮಾಡ್ಬುಟ್ಟೆ.” ಗೇಟಿನ ಚಿಲಕವನ್ನು ಮೇಲೆ ಕೆಳಗೆ ಮಾಡುತ್ತಾ ನಿಂತರು. “ಆಮ್ಯಾಕೆ ಸಂಜೆ ಟೀ ಅಂಗ್ಡೀಲಿ ಸುಮ್ನೆ ಕೂತಿದ್ದು ಬರ್ತಿದ್ದೆ. ಒಸಿ ಒತ್ತು ಅವಳ ಪಾಡಿಗೆ ಇರ್ಲಿ ಅಂತ.”

ಅದು ಮಂಡಿ ನೋವಲ್ಲ ಎಂದು ನನಗೆ ಆಗ ತಿಳಿಯಿತು. ಜತೆಗೇ ಸಿಟ್ಟೂ ಬಂತು. ಅಷ್ಟು ಅರ್ಥವಾಗಿದ್ದವರು ಒಂದು ದಿನ ಬರದೆಯೇ ಇರಬಹುದಿತ್ತಲ್ಲ, ತಂಗಿಯ ಮನೆಗೆ ಒಂದು ಸಲ ರೈಲಿಗೆ ಹತ್ತಿಸಿ ಕೈ ಬೀಸಬಹುದಿತ್ತಲ್ಲ ಎಂದು ಕೇಳಿಯೇಬಿಟ್ಟೆ.

“ಅವಳು ಬಾಯ್ಬುಟ್ಟು ಕೇಳ್ನಿಲ್ಲ ಮೇಡಮ್ಮೋರೇ,” ಎಂದರು. ಚಿಲಕ ಬಿಟ್ಟು ನನ್ನತ್ತ ತಿರುಗಿದರು: “ಕ್ಲಾಸಲ್ಲಿ ದಿನಾ ಒಂದು ಮಾತು ಅನ್ನೋಳು. ಕಿಟಕಿ ಕೆಳಗೆ ನಿಂತು ಕೇಳಿ ಕೇಳಿ ನಂಗೂ ಬಾಯಿಗೆ ಬಂದದೆ. ಜ ಸ್ವಿ ಪೆರ್ದ್ಯು. ಅಂಗಂದ್ರೇನು?”

“ದಾರಿ ತಪ್ಪಿದೀನಿ ಅಂತ. ದಾರಿ ಹೇಳಿ ಅಂತ ಹುಡುಗರನ್ನ ಕೇಳೋರು.”

“ಯೋಳೋರಾ?”

“ಹೇಳೋರು. ಸೇತುವೆ ದಾಟಿ ಎಡಕ್ಕೆ ಅಂತ.”

“ಆಮೇಲೆ?”

“ಆಮೇಲೆ ಬೆಲ್ಲು ಹೊಡೆಯೋದು,” ಎಂದೆ. “ನೀವು ಬಂದಿರ್ತಿದ್ರಿ.”